ನಾಯಿ, ಬೆಕ್ಕುಗಳಿಗೆ ನಿರೋಧಕ ಶಕ್ತಿ ತಗ್ಗಿಸುವ ಔಷಧಿ: ಆರಂಭದಿಂದ ನಿಲ್ಲಿಸುವವರೆಗೆ ಮನೆಯವರು ಮಾಡಬೇಕಾದ ಕೆಲಸ

ದೇಹವನ್ನು ಕಾಯಬೇಕಾದ ನಿರೋಧಕ ವ್ಯವಸ್ಥೆ ಕೆಲವೊಮ್ಮೆ ಆ ದೇಹದ ಮೇಲೆಯೇ ತಿರುಗಿ ಬೀಳುತ್ತದೆ. ನಾಯಿಗಳಲ್ಲಿ ಅದು ತನ್ನದೇ ಕೆಂಪು ರಕ್ತಕಣಗಳನ್ನು ಒಡೆಯಬಹುದು, ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡಬಹುದು, ಕೀಲುಗಳನ್ನು ಊದಿಸಬಹುದು, ಮಿದುಳಿನಲ್ಲಿ ಉರಿಯೂತ ಎಬ್ಬಿಸಬಹುದು, ಇಲ್ಲವೇ ಪೆಂಫಿಗಸ್ ಎಂಬ ಕಾಯಿಲೆಯಲ್ಲಿ ಆಗುವಂತೆ ಮೂಗು, ಕಿವಿ, ಅಂಗಾಲುಗಳ ಮೇಲೆ ಕೀವುಗುಳ್ಳೆ ಮತ್ತು ಹಕ್ಕಳೆಗಳನ್ನು ತರಬಹುದು. ಬೆಕ್ಕುಗಳಲ್ಲಿ ಕರುಳಿನ ದೀರ್ಘಕಾಲದ ಉರಿಯೂತ, ಆಸ್ತಮಾ, ಬಾಯಿಯ ಹುಣ್ಣು ಮತ್ತು ಚರ್ಮದ ಅಲರ್ಜಿ ಹೆಚ್ಚು ಕಾಣುತ್ತವೆ. ಇಂಥ ಕಡೆ ಪಶುವೈದ್ಯರು ಇಮ್ಯುನೋಸಪ್ರೆಸೆಂಟ್ ಔಷಧಿಗಳನ್ನು, ಅಂದರೆ ನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಔಷಧಿಗಳನ್ನು ಬರೆಯುತ್ತಾರೆ.

ಮೊದಲ ಪ್ರಮಾಣವನ್ನು ವೈದ್ಯರು ಒಂದು ದಿನದಲ್ಲಿ ನಿರ್ಧರಿಸುತ್ತಾರೆ. ಅದರ ನಂತರದ ನಾಲ್ಕು, ಆರು ಅಥವಾ ಎಂಟು ತಿಂಗಳು ಮಾತ್ರ ಮನೆಯವರ ಕೈಯಲ್ಲಿರುತ್ತವೆ. ಔಷಧಿ ಫಲ ಕೊಟ್ಟ ಮೇಲೂ ಚಿಕಿತ್ಸೆ ಕೆಡುವುದು ಬಹುಮಟ್ಟಿಗೆ ಎರಡು ಕಾರಣಗಳಿಂದ: ಪ್ರಾಣಿ ಚೇತರಿಸಿಕೊಂಡಂತೆ ಕಂಡಾಗ ಮಾತ್ರೆಯನ್ನು ಅವಸರದಿಂದ ಇಳಿಸುವುದು, ಮತ್ತು ತಗ್ಗಿದ ನಿರೋಧಕ ಶಕ್ತಿಯ ಸಂದಿನಲ್ಲಿ ನುಗ್ಗುವ ಸೋಂಕನ್ನು ತಡವಾಗಿ ಗುರುತಿಸುವುದು. ಈ ಎರಡನ್ನೂ ತಪ್ಪಿಸುವ ಬಗೆಯನ್ನು ಹಂತ ಹಂತವಾಗಿ ತಿಳಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಕೊಟ್ಟಿರುವ ಪ್ರಮಾಣಗಳು ವೈದ್ಯರ ಚೀಟಿಯನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಮಾತ್ರ. ಅವನ್ನು ನೋಡಿಕೊಂಡು ಯಾರೂ ತಾವಾಗಿಯೇ ಔಷಧಿ ಆರಂಭಿಸಬಾರದು.

ಮೊದಲ ಹೆಜ್ಜೆ: ಮೂಲ ಕಾರಣವನ್ನು ಹುಡುಕಿಸಿ

ಕರ್ನಾಟಕದಲ್ಲಿ ನಾಯಿ ಸಾಕುವವರು ಈ ಹೆಜ್ಜೆಯನ್ನು ಎಂದಿಗೂ ಬಿಡಬಾರದು. ಒಸಡು ಬಿಳಿಚಿಕೊಂಡು, ಮೂತ್ರ ಕಂದು ಬಣ್ಣಕ್ಕೆ ತಿರುಗಿ, ಕಣ್ಣಿನ ಬಿಳಿಭಾಗ ಹಳದಿಯಾದ ನಾಯಿಗೆ ರಕ್ತಕಣ ಒಡೆಯುವ ಸ್ವನಿರೋಧಕ ಕಾಯಿಲೆ ಇರಬಹುದು. ಆದರೆ ಉಣ್ಣೆಗಳಿಂದ ಹರಡುವ ಬೆಬೀಸಿಯಾ ಗಿಬ್ಸೋನಿ ಎಂಬ ಪರಾವಲಂಬಿಯೂ ಇದೇ ಚಿತ್ರವನ್ನು ಕೊಡುತ್ತದೆ. ಪ್ಲೇಟ್‌ಲೆಟ್ ಕುಸಿದು ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳೆದ್ದರೆ ಅದರ ಹಿಂದೆ ಉಣ್ಣೆ ತಂದ ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಇಂಥ ಸೋಂಕಿಗೆ ಬೇರೆಯೇ ಔಷಧಿ ಬೇಕು. ಸೋಂಕನ್ನು ಗುರುತಿಸದೆ ನಿರೋಧಕ ಶಕ್ತಿಯನ್ನಷ್ಟೇ ತಗ್ಗಿಸಿದರೆ ರೋಗಾಣುವಿಗೆ ಬಾಗಿಲು ತೆರೆದಂತಾಗುತ್ತದೆ. ಆದ್ದರಿಂದ ರಕ್ತಲೇಪನದ ಸೂಕ್ಷ್ಮದರ್ಶಕ ಪರೀಕ್ಷೆಯ ಜೊತೆಗೆ ಉಣ್ಣೆ ರೋಗಗಳ ಪಿಸಿಆರ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಲೇಪನದಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗಾಣು ಇಲ್ಲವೆಂದು ಅರ್ಥವಲ್ಲ.

ರಕ್ತದ ಮಾದರಿಯನ್ನು ಈ ಚಿಕಿತ್ಸೆಯ ಮೊದಲ ಔಷಧಿಯಾದ ಸ್ಟೆರಾಯ್ಡ್ ಕೊಡುವುದಕ್ಕೆ ಮೊದಲೇ ತೆಗೆಸುವುದು ಮುಖ್ಯ. ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ ಸ್ಟೆರಾಯ್ಡ್‌ಗೆ ತಾತ್ಕಾಲಿಕವಾಗಿ ಕರಗಿ ಪರೀಕ್ಷೆಯ ಕಣ್ಣಿಗೆ ಮರೆಯಾಗುತ್ತದೆ. ಹಾಗೆ ಮರೆಯಾದ ಕ್ಯಾನ್ಸರನ್ನು ಮುಂದೆ ಗುರುತಿಸುವುದೂ ಕಷ್ಟ, ಗುಣಪಡಿಸುವುದೂ ಕಷ್ಟ. ತುರಿಕೆಗೆಂದು ಹಿಂದೆ ಬೇರೆ ಕಡೆ ಹಾಕಿಸಿದ ಚುಚ್ಚುಮದ್ದು ಯಾವುದು, ಹಚ್ಚಿದ ಮುಲಾಮು ಯಾವುದು ಎಂಬುದನ್ನೂ ವೈದ್ಯರಿಗೆ ತಪ್ಪದೆ ಹೇಳಬೇಕು. ಅದರಲ್ಲಿ ವಾರಗಟ್ಟಲೆ ಕೆಲಸ ಮಾಡುವ ಸ್ಟೆರಾಯ್ಡ್ ಇದ್ದಿರಬಹುದು. ಮನೆಯ ಊಟದ ವಿವರವನ್ನೂ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ನಾಯಿ ಮತ್ತು ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ; ದಿನವೂ ಹುಳಿಯನ್ನ, ಸಾರನ್ನ ತಿನ್ನುವ ನಾಯಿಗೆ ರಕ್ತಹೀನತೆ ಬಂದಾಗ ಇದು ತಿಳಿದಿರಬೇಕಾದ ಸಂಗತಿ.

ಬೆಕ್ಕಾದರೆ ಲ್ಯುಕೀಮಿಯಾ ವೈರಸ್ ಮತ್ತು ನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ವೈರಸ್ ಪರೀಕ್ಷೆಗಳನ್ನು ಮಾಡಿಸಬೇಕು. ರಕ್ತಹೀನತೆ ಇದ್ದರೆ ಮೈಕೋಪ್ಲಾಸ್ಮಾ ಹೀಮೋಫೆಲಿಸ್ ಸೋಂಕನ್ನೂ ನೋಡಬೇಕು. ಎರಡೂ ಪ್ರಾಣಿಗಳಿಗೆ ಪೂರ್ಣ ರಕ್ತಕಣ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ರಕ್ತದ ಸಕ್ಕರೆ, ಮೂತ್ರ ಪರೀಕ್ಷೆಗಳು ಆರಂಭದಲ್ಲೇ ಆಗಬೇಕು, ಏಕೆಂದರೆ ಮುಂದಿನ ಎಲ್ಲ ವರದಿಗಳನ್ನು ಹೋಲಿಸುವುದು ಇದರೊಂದಿಗೇ. ಊರಿನ ಚಿಕಿತ್ಸಾಲಯದಲ್ಲಿ ಈ ಸೌಲಭ್ಯಗಳಿಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ ಮತ್ತು ಗದಗದ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ನಾಯಿಯ ಸ್ಥಿತಿ ಗಂಭೀರವಾಗಿದ್ದರೆ ವೈದ್ಯರು ಎಲ್ಲ ವರದಿಗಳಿಗೆ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ. ಅದು ಸರಿಯಾದ ಕ್ರಮವೇ. ಆಗಲೂ ಮಾದರಿ ಮಾತ್ರ ಮೊದಲೇ ತೆಗೆದಿಟ್ಟಿರಬೇಕು.

ಎರಡನೆಯ ಹೆಜ್ಜೆ: ಚೀಟಿಯಲ್ಲಿರುವ ಔಷಧಿಯನ್ನು ತಿಳಿದುಕೊಳ್ಳಿ

ಹೆಚ್ಚಿನ ಚೀಟಿಗಳಲ್ಲಿ ಮೊದಲ ಹೆಸರು ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್. ಅದು ಅಗ್ಗ, ಹೆಚ್ಚಿನ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ, ಕೆಲವೇ ದಿನಗಳಲ್ಲಿ ಕೆಲಸ ಆರಂಭಿಸುತ್ತದೆ. ಪ್ರಮಾಣಕ್ಕೆ ತಕ್ಕಂತೆ ಅದರ ಕೆಲಸವೂ ಬದಲಾಗುತ್ತದೆ: ನಾಯಿಗೆ ದಿನಕ್ಕೆ ಕಿಲೋ ತೂಕಕ್ಕೆ 0.5ರಿಂದ 1 ಮಿ.ಗ್ರಾಂ ಕೊಟ್ಟರೆ ಉರಿಯೂತ ಇಳಿಯುತ್ತದೆ, ಸುಮಾರು 2 ಮಿ.ಗ್ರಾಂ ಕೊಟ್ಟರೆ ನಿರೋಧಕ ವ್ಯವಸ್ಥೆಯೇ ತಗ್ಗುತ್ತದೆ. ದೊಡ್ಡ ನಾಯಿಗಳಿಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. 40 ಕಿಲೋ ತೂಗುವ ಲ್ಯಾಬ್ರಡಾರ್‌ಗೆ ಕಿಲೋ ಲೆಕ್ಕದಲ್ಲಿ 80 ಮಿ.ಗ್ರಾಂ ಬಂದರೂ, ದೇಹದ ಮೇಲ್ಮೈ ವಿಸ್ತೀರ್ಣದ ಲೆಕ್ಕದಲ್ಲಿ ಸುಮಾರು 60ರಿಂದ 70 ಮಿ.ಗ್ರಾಂ ಸಾಕಾಗುತ್ತದೆ, ಅಡ್ಡಪರಿಣಾಮವೂ ಕಡಿಮೆಯಾಗುತ್ತದೆ. ನಿಮ್ಮ ನಾಯಿ 25 ಕಿಲೋಗಿಂತ ಹೆಚ್ಚು ತೂಗುತ್ತಿದ್ದರೆ ಯಾವ ಲೆಕ್ಕದಲ್ಲಿ ಪ್ರಮಾಣ ಬರೆದಿದ್ದಾರೆಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಅಂಗಡಿಯಲ್ಲಿ ಪ್ರೆಡ್ನಿಸೋಲೋನ್ ಇಲ್ಲವೆಂದು ಬೇರೆ ಸ್ಟೆರಾಯ್ಡ್ ಕೊಟ್ಟರೆ ತೆಗೆದುಕೊಳ್ಳಬೇಡಿ. 5 ಮಿ.ಗ್ರಾಂ ಪ್ರೆಡ್ನಿಸೋಲೋನ್ ಮಾಡುವ ಕೆಲಸವನ್ನು 4 ಮಿ.ಗ್ರಾಂ ಮೀಥೈಲ್‌ಪ್ರೆಡ್ನಿಸೋಲೋನ್ ಅಥವಾ ಮುಕ್ಕಾಲು ಮಿ.ಗ್ರಾಂ ಡೆಕ್ಸಾಮೆಥಾಸೋನ್ ಮಾಡುತ್ತದೆ; ಮಿ.ಗ್ರಾಂಗೆ ಮಿ.ಗ್ರಾಂ ಅದಲುಬದಲು ಮಾಡಿದರೆ ಪ್ರಮಾಣ ಏರುತ್ತದೆ, ಡೆಕ್ಸಾಮೆಥಾಸೋನ್‌ನಲ್ಲಂತೂ ಹಲವು ಪಟ್ಟು. ಅಮೆರಿಕದಲ್ಲಿರುವ ಕನ್ನಡಿಗರು ಇನ್ನೊಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಪ್ರೆಡ್ನಿಸೋನ್ ಎಂಬ ಮಾತ್ರೆ ಹೆಚ್ಚು ಬಳಕೆಯಲ್ಲಿದೆ. ನಾಯಿಯ ಯಕೃತ್ತು ಅದನ್ನು ಪ್ರೆಡ್ನಿಸೋಲೋನ್ ಆಗಿ ಪರಿವರ್ತಿಸಿಕೊಳ್ಳುತ್ತದೆ, ಬೆಕ್ಕಿನ ದೇಹದಲ್ಲಿ ಆ ಕೆಲಸ ಸರಿಯಾಗಿ ಆಗುವುದಿಲ್ಲ. ಬೆಕ್ಕಿಗೆ ಬೇಕಾದದ್ದು ಪ್ರೆಡ್ನಿಸೋಲೋನ್.

ಎರಡನೆಯ ಔಷಧಿಯಾಗಿ ನಾಯಿಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಅಜಾಥಯೋಪ್ರಿನ್. ಇದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. 1960ರ ದಶಕದ ಆರಂಭದಲ್ಲಿ ಶಸ್ತ್ರವೈದ್ಯ ರಾಯ್ ಕಾಲ್ನ್ ಇದರ ಶಕ್ತಿಯನ್ನು ಮೊದಲು ತೋರಿಸಿದ್ದು ಮೂತ್ರಪಿಂಡ ಕಸಿ ಮಾಡಿದ ನಾಯಿಗಳಲ್ಲಿ. ಇಂದು ಅಂಗಾಂಗ ಕಸಿಯಿಂದ ಬದುಕಿರುವ ಮನುಷ್ಯರು ಆ ನಾಯಿಗಳಿಗೆ ಋಣಿಗಳು. ಅದೇ ಔಷಧಿ ಈಗ ನಾಯಿಗಳ ಜೀವ ಉಳಿಸುತ್ತಿದೆ ಎಂಬುದು ನನಗೆ ಸಮಾಧಾನದ ಸಂಗತಿ. ಅಜಾಥಯೋಪ್ರಿನ್ ಫಲ ಕೊಡಲು ವಾರಗಳು ಬೇಕು, ಹಾಗಾಗಿ ಅದು ಆರಂಭದ ಸ್ಟೆರಾಯ್ಡ್‌ಗೆ ಬದಲಿಯಲ್ಲ, ಮುಂದೆ ಸ್ಟೆರಾಯ್ಡ್ ಇಳಿಸಲು ನೆರವಾಗುವ ಔಷಧಿ. ಕೆಲವು ನಾಯಿಗಳಲ್ಲಿ, ಅದರಲ್ಲೂ ಮೊದಲ ತಿಂಗಳಲ್ಲಿ, ಅದು ಯಕೃತ್ತಿಗೆ ಹಾನಿ ಮಾಡುತ್ತದೆ; ಮೂಳೆಯ ಮಜ್ಜೆಯನ್ನು ಕುಗ್ಗಿಸಿ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಮೂತ್ರಕೋಶದ ಕಲ್ಲಿಗೆಂದು ಅಲೋಪ್ಯೂರಿನಾಲ್ ತೆಗೆದುಕೊಳ್ಳುತ್ತಿರುವ ಡಾಲ್ಮೇಷಿಯನ್‌ನಂಥ ನಾಯಿಗೆ ಇದನ್ನು ಕೊಟ್ಟರೆ ಔಷಧಿ ದೇಹದಿಂದ ಹೊರಹೋಗದೆ ವಿಷವಾಗಬಹುದು. ಬೆಕ್ಕಿಗೆ ಅಜಾಥಯೋಪ್ರಿನ್ ಕೊಡಬಾರದು. ಅದನ್ನು ಕರಗಿಸುವ ಕಿಣ್ವ ಬೆಕ್ಕಿನಲ್ಲಿ ತೀರ ಕಡಿಮೆಯಾಗಿರುವುದರಿಂದ ಮಜ್ಜೆ ಕುಸಿದು ಪ್ರಾಣಕ್ಕೇ ಅಪಾಯವಾಗುತ್ತದೆ. ಮನೆಯಲ್ಲಿ ನಾಯಿ ಬೆಕ್ಕು ಎರಡೂ ಇದ್ದರೆ ಮಾತ್ರೆಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡಿ.

ಸೈಕ್ಲೋಸ್ಪೋರಿನ್ ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಬಂದ ಔಷಧಿ. ನಾಯಿಗಳ ಚರ್ಮದ ಅಲರ್ಜಿಗೆ ದಿನಕ್ಕೆ ಕಿಲೋಗೆ 5 ಮಿ.ಗ್ರಾಂ, ಬೆಕ್ಕಿಗೆ 7 ಮಿ.ಗ್ರಾಂ ರೂಢಿಯ ಪ್ರಮಾಣ. ರಕ್ತದ ಕಾಯಿಲೆಗಳಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಜರ್ಮನ್ ಶೆಪರ್ಡ್ ನಾಯಿಗಳಿಗೆ ಗುದದ ಸುತ್ತ ಬರುವ ನಾಳಹುಣ್ಣುಗಳಿಗೆ ಇದರಷ್ಟು ಉಪಕಾರ ಮಾಡಿದ ಔಷಧಿ ಇನ್ನೊಂದಿಲ್ಲ. ಇದರಲ್ಲಿ ಎರಡು ಬಗೆ ಇವೆ: ಹಳೆಯ ಎಣ್ಣೆ ರೂಪ ಮತ್ತು ಕರುಳಿನಲ್ಲಿ ಚೆನ್ನಾಗಿ ಹೀರಲ್ಪಡುವ ಸೂಕ್ಷ್ಮ ಎಮಲ್ಷನ್ ರೂಪ. ಎರಡಕ್ಕೂ ಒಂದೇ ಹೆಸರಿದ್ದರೂ ಒಂದರ ಬದಲು ಇನ್ನೊಂದನ್ನು ಕೊಡುವಂತಿಲ್ಲ, ಆದ್ದರಿಂದ ಪ್ರತಿ ಸಲವೂ ಅದೇ ತಯಾರಿಕೆಯನ್ನೇ ಕೊಳ್ಳಿ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆಯ ನಂತರ ಕೊಡುವುದು ಒಳ್ಳೆಯದು. ವಾಂತಿ ಮತ್ತು ಭೇದಿ ಸಾಮಾನ್ಯ, ಹಲವರಿಗೆ ಕೆಲವು ದಿನಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಕೊಟ್ಟಾಗ ಒಸಡು ದಪ್ಪವಾಗಬಹುದು. ಶಿಲೀಂಧ್ರ ಸೋಂಕಿಗೆ ಕೊಡುವ ಕೀಟೋಕೊನಜೋಲ್ ರಕ್ತದಲ್ಲಿ ಇದರ ಮಟ್ಟವನ್ನು ಏರಿಸುತ್ತದೆ. ಅದನ್ನು ತಿಳಿದೇ ಬಳಸುವ ವೈದ್ಯರಿದ್ದಾರೆ, ತಿಳಿಯದೆ ಮನೆಯಲ್ಲಿ ಕೊಟ್ಟರೆ ಹಾನಿ.

ಮೈಕೋಫಿನೊಲೇಟ್ ಕೆಲವು ನಾಯಿಗಳಲ್ಲಿ ಜೋರಾದ ಭೇದಿ ತರುತ್ತದೆ, ಉಳಿದಂತೆ ಒಗ್ಗುವ ಔಷಧಿ. ಲೆಫ್ಲುನೊಮೈಡ್ ಕೊಡುವಾಗ ಯಕೃತ್ತಿನ ಮೇಲೆ ಕಣ್ಣಿಡಬೇಕು. ಬೆಕ್ಕುಗಳಿಗೆ ಅಜಾಥಯೋಪ್ರಿನ್ ಬದಲು ಕ್ಲೋರಾಂಬುಸಿಲ್ ಬಳಸುತ್ತಾರೆ, 2 ಮಿ.ಗ್ರಾಂನ ಅದರ ಮಾತ್ರೆಯನ್ನು ಫ್ರಿಜ್‌ನಲ್ಲಿ ಇಡಬೇಕು, ಮುರಿಯಬಾರದು.

ಮೂರನೆಯ ಹೆಜ್ಜೆ: ತೂಕ, ಮಾತ್ರೆ, ಕೈಗವಸು

ಪ್ರಮಾಣವೆಲ್ಲವೂ ತೂಕದ ಮೇಲೆ ನಿಂತಿರುವುದರಿಂದ ವಾರಕ್ಕೊಮ್ಮೆ ಒಂದೇ ತೂಕದ ಯಂತ್ರದಲ್ಲಿ ತೂಗಿ ಬರೆದಿಡಿ. ಬೆಕ್ಕು ಅಥವಾ ಸಣ್ಣ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕವನ್ನು ಕಳೆದರೆ ಸಾಕು. ಪ್ರೆಡ್ನಿಸೋಲೋನ್ ಮಾತ್ರೆಯನ್ನು ಊಟದೊಂದಿಗೆ ಕೊಡಿ, ಸಾಧ್ಯವಾದಷ್ಟು ಪ್ರತಿದಿನ ಅದೇ ಹೊತ್ತಿಗೆ. ಅದನ್ನು ಮಾತ್ರೆ ಕತ್ತರಿಸುವ ಸಾಧನದಿಂದ ಅರ್ಧ ಅಥವಾ ಕಾಲು ಮಾಡಬಹುದು. ಅಜಾಥಯೋಪ್ರಿನ್, ಮೈಕೋಫಿನೊಲೇಟ್, ಕ್ಲೋರಾಂಬುಸಿಲ್ ಮಾತ್ರೆಗಳ ವಿಷಯದಲ್ಲಿ ಹಾಗಲ್ಲ. ಅವುಗಳ ಪುಡಿ ಮನುಷ್ಯರಿಗೂ ಹಾನಿಕರ. ಅವನ್ನು ಅರೆಯಬೇಡಿ, ಕೈಗವಸು ಹಾಕಿ ಮುಟ್ಟಿ, ಗರ್ಭಿಣಿಯರು ಮತ್ತು ಮಗುವಿಗೆ ಹಾಲೂಡಿಸುವವರು ಆ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಲಿ. ಅಂಥ ಔಷಧಿ ತೆಗೆದುಕೊಳ್ಳುವ ಪ್ರಾಣಿಯ ವಾಂತಿ, ಮೂತ್ರ, ಮಲವನ್ನೂ ಕೈಗವಸು ಹಾಕಿಯೇ ಶುಚಿ ಮಾಡಬೇಕು. ಸಣ್ಣ ನಾಯಿಗೆ 50 ಮಿ.ಗ್ರಾಂ ಅಜಾಥಯೋಪ್ರಿನ್ ಮಾತ್ರೆ ದೊಡ್ಡದಾಗುತ್ತದೆ ಎಂದಾದರೆ ಮನೆಯಲ್ಲಿ ತುಂಡು ಮಾಡುವ ಬದಲು ಬೇರೆ ದಾರಿ ಏನಿದೆಯೆಂದು ವೈದ್ಯರನ್ನೇ ಕೇಳಿ.

ನಾಯಿಗೆ ಮಾತ್ರೆಯನ್ನು ಬೇಯಿಸಿದ ಸಿಹಿಗೆಣಸಿನ ತುಂಡಿನಲ್ಲೋ ರಾಗಿಮುದ್ದೆಯ ಸಣ್ಣ ಉಂಡೆಯಲ್ಲೋ ಹುದುಗಿಸಿ ಕೊಡಬಹುದು. ಮೊದಲು ಮಾತ್ರೆಯಿಲ್ಲದ ಉಂಡೆ, ಆಮೇಲೆ ಮಾತ್ರೆಯಿರುವುದು, ಅದರ ಬೆನ್ನಿಗೇ ಇನ್ನೊಂದು ಖಾಲಿ ಉಂಡೆ ಕೊಟ್ಟರೆ ಹೆಚ್ಚಿನ ನಾಯಿಗಳು ಅಗಿಯದೆ ನುಂಗುತ್ತವೆ. ಬೆಕ್ಕಿಗೆ ಮಾತ್ರೆ ನುಂಗಿಸಿದ ಮೇಲೆ ಸೂಜಿಯಿಲ್ಲದ ಸಿರಿಂಜ್‌ನಿಂದ ಬಾಯಿಯ ಪಕ್ಕದಿಂದ 5 ಮಿ.ಲೀ.ಯಷ್ಟು ನೀರನ್ನು ನಿಧಾನವಾಗಿ ಕುಡಿಸಬೇಕು. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುವುದುಂಟು.

ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದಾಗ ಕೊಡಿ, ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಮಾತ್ರ ಕೊಡಬೇಡಿ. ಆದರೆ ವಾರಗಟ್ಟಲೆ ಸ್ಟೆರಾಯ್ಡ್ ತೆಗೆದುಕೊಂಡ ಪ್ರಾಣಿ ವಾಂತಿಯಿಂದ ಇಡೀ ದಿನ ಮಾತ್ರೆ ಉಳಿಸಿಕೊಳ್ಳದಿದ್ದರೆ ಅದು ಬೇರೆಯೇ ಸಂಗತಿ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿರುವಾಗ ದೇಹದ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸೋಲ್ ತಯಾರಿಕೆಯನ್ನು ನಿಲ್ಲಿಸಿರುತ್ತದೆ; ಮಾತ್ರೆ ಥಟ್ಟನೆ ತಪ್ಪಿದರೆ ಪ್ರಾಣಿ ಬಲಗುಂದಿ, ನಡುಗಿ, ಕುಸಿದು ಬೀಳಬಹುದು. ಅಂದೇ ವೈದ್ಯರಲ್ಲಿಗೆ ಕರೆದೊಯ್ದು ಚುಚ್ಚುಮದ್ದಿನ ರೂಪದಲ್ಲಿ ಕೊಡಿಸಬೇಕು.

ನೋವಿನ ಮಾತ್ರೆಗಳ ಬಗ್ಗೆ ಕಟ್ಟುನಿಟ್ಟಾಗಿರಬೇಕು. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವುಗಳಲ್ಲಿ ಯಾವುದನ್ನೂ ಸ್ಟೆರಾಯ್ಡ್ ಜೊತೆ ಕೊಡಬಾರದು. ಜಠರ ಮತ್ತು ಕರುಳಿನಲ್ಲಿ ಹುಣ್ಣಾಗಿ, ತೂತು ಬಿದ್ದು ಸಾಯುವ ನಾಯಿಗಳಿವೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ಒಂದು ಮಾತ್ರೆಯಲ್ಲೇ ವಿಷ. ಮನೆಯವರು ಒಳ್ಳೆಯ ಮನಸ್ಸಿನಿಂದ ಕೊಡುವ ಅಮೃತಬಳ್ಳಿ, ಅಶ್ವಗಂಧ ಮತ್ತಿತರ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಮತ್ತು ಟಾನಿಕ್‌ಗಳನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ. ಯಾವ ಶಕ್ತಿಯನ್ನು ತಗ್ಗಿಸಲು ಹೆಣಗುತ್ತಿದ್ದೇವೆಯೋ ಅದನ್ನೇ ಎಬ್ಬಿಸಲು ಹೊರಡುವುದು ಈ ಕಾಯಿಲೆಯಲ್ಲಿ ತಕ್ಕುದಲ್ಲ.

ನಾಲ್ಕನೆಯ ಹೆಜ್ಜೆ: ಪ್ರತಿದಿನ ನೋಡಿ, ಬರೆದಿಡಿ

ಒಂದು ನೋಟ್‌ಬುಕ್ ಸಾಕು. ದಿನಾಂಕ, ಕೊಟ್ಟ ಮಾತ್ರೆ, ತಿಂದ ಊಟ, ಒಸಡಿನ ಬಣ್ಣ, ಮೂತ್ರದ ಬಣ್ಣ, ಮಲ, ಮಲಗಿರುವಾಗಿನ ಉಸಿರಿನ ಎಣಿಕೆ ಇವಿಷ್ಟನ್ನು ಬರೆದರೆ ವೈದ್ಯರಿಗೆ ಅದು ಒಂದು ವರದಿಯಷ್ಟೇ ಬೆಲೆಯುಳ್ಳದ್ದು. ಒಸಡನ್ನು ಯಾವಾಗಲೂ ಹಗಲಿನ ಬೆಳಕಿನಲ್ಲಿ ನೋಡಿ. ಒಸಡು ಕಪ್ಪಾಗಿರುವ ನಾಯಿಯಲ್ಲಿ ಕೆಳರೆಪ್ಪೆಯ ಒಳಭಾಗವನ್ನು ನೋಡಬಹುದು. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು.

ಸ್ಟೆರಾಯ್ಡ್ ಆರಂಭವಾದ ಕೆಲವೇ ದಿನಗಳಲ್ಲಿ ನಾಯಿಗೆ ಹಸಿವು, ಬಾಯಾರಿಕೆ, ಮೂತ್ರ ಮೂರೂ ಹೆಚ್ಚುತ್ತವೆ, ಏದುಸಿರು ಬರುತ್ತದೆ, ರಾತ್ರಿ ಮನೆಯೊಳಗೆ ಮೂತ್ರ ಮಾಡಿಬಿಡುತ್ತದೆ. ಇದಕ್ಕೆ ಬೈಯಬೇಡಿ, ನೀರನ್ನು ಕಡಿಮೆ ಮಾಡಬೇಡಿ. ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ಹೊರಗೆ ಕರೆದೊಯ್ಯಿರಿ. ವಾರಗಳು ಕಳೆದಂತೆ ಹೊಟ್ಟೆ ಜೋತು, ಬೆನ್ನು ಮತ್ತು ತಲೆಯ ಸ್ನಾಯುಗಳು ಕರಗಿ, ಚರ್ಮ ತೆಳುವಾಗುತ್ತದೆ. ಮೆಟ್ಟಿಲು ಹತ್ತಲಾರದ ನಾಯಿಯನ್ನು ನೋಡಿ ಮನೆಯವರು ಕಾಯಿಲೆ ಮರುಕಳಿಸಿತೆಂದು ಗಾಬರಿಯಾಗುತ್ತಾರೆ; ಹಲವು ಸಲ ಅದು ಸ್ನಾಯು ಕರಗಿದ್ದರ ಫಲ. ಔಷಧಿ ಇಳಿದಂತೆ ಇವುಗಳಲ್ಲಿ ಹೆಚ್ಚಿನವು ಸರಿಹೋಗುತ್ತವೆ. ಹಸಿವು ಎಷ್ಟೇ ಇದ್ದರೂ ಊಟವನ್ನು ಅಳೆದೇ ಕೊಡಿ.

ಸೋಂಕಿನ ಗುರುತು ಮಾತ್ರ ಮರೆಯಲ್ಲಿರುತ್ತದೆ. ಸ್ಟೆರಾಯ್ಡ್ ಜ್ವರವನ್ನೂ ಊತವನ್ನೂ ಅಡಗಿಸುವುದರಿಂದ ಮೂತ್ರಕೋಶದಲ್ಲಿ ಸೋಂಕಿದ್ದರೂ ನಾಯಿ ಮೂತ್ರಕ್ಕೆ ತಿಣುಕದೆ ಇರಬಹುದು. ಹಾಗಾಗಿ ದೀರ್ಘಕಾಲದ ಚಿಕಿತ್ಸೆಯಲ್ಲಿ ನಡುನಡುವೆ ಮೂತ್ರ ಪರೀಕ್ಷೆ ಬೇಕು. ನಾಯಿ ಬೆಕ್ಕುಗಳ ಸಹಜ ಉಷ್ಣತೆ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಸ್ವಲ್ಪವೇ ಏರಿದ್ದರೂ ಈ ಪ್ರಾಣಿಗಳಲ್ಲಿ ಅದನ್ನು ಹಗುರವಾಗಿ ಕಾಣಬಾರದು. ಕೂದಲು ಉದುರಿದ ದುಂಡನೆಯ ಕಲೆ ಕಂಡರೆ ಗಜಕರ್ಣವಿರಬಹುದು, ಅದು ಮನೆಯವರಿಗೂ ಅಂಟುತ್ತದೆ.

ಐದನೆಯ ಹೆಜ್ಜೆ: ಉಣ್ಣೆ, ಆಹಾರ, ಲಸಿಕೆ

ಉಣ್ಣೆಯ ತಡೆಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನುಂಗಿಸುವ ಅಫಾಕ್ಸೊಲಾನರ್, ಫ್ಲುರಲಾನರ್ ಗುಂಪಿನ ಮಾತ್ರೆಗಳು ಇಲ್ಲೂ ಸಿಗುತ್ತವೆ. ಅಪಸ್ಮಾರವಿರುವ ನಾಯಿಯಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ನಾಯಿಗೆಂದು ತಂದ ಪರ್ಮೆತ್ರಿನ್ ಇರುವ ದ್ರವವನ್ನು ಬೆಕ್ಕಿಗೆ ಹಚ್ಚಬೇಡಿ, ಬೆಕ್ಕು ಸಾಯಬಹುದು. ಹಸಿ ಮಾಂಸ, ಹಸಿ ಮೊಟ್ಟೆ, ಕೋಳಿಯಂಗಡಿಯ ಬೇಯಿಸದ ತ್ಯಾಜ್ಯ ಯಾವುದೂ ಬೇಡ. ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವ ಬೆಕ್ಕನ್ನು ಇಲಿ, ಹಕ್ಕಿ ಹಿಡಿಯಲು ಹೊರಗೆ ಬಿಡಬಾರದು. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಅಂಥ ಬೆಕ್ಕಿನಲ್ಲಿ ಮಾರಕವಾದ ಉದಾಹರಣೆಗಳಿವೆ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಇಲಿಮೂತ್ರದಿಂದ ಬಂದ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ನಾಯಿಯನ್ನು ಅತ್ತ ಬಿಡದಿರಿ. ಬೀದಿನಾಯಿಗಳ ಗುಂಪು ಮತ್ತು ಸಾಕುಪ್ರಾಣಿಗಳ ತಂಗುದಾಣಗಳಿಂದಲೂ ಕೆಲವು ತಿಂಗಳು ದೂರವಿರುವುದು ಕ್ಷೇಮ.

ನಿರೋಧಕ ಶಕ್ತಿ ತಗ್ಗಿರುವಾಗ ಡಿಸ್ಟೆಂಪರ್, ಪಾರ್ವೊ ಮುಂತಾದ ಜೀವಂತ ವೈರಸ್‌ಗಳಿರುವ ಲಸಿಕೆಗಳನ್ನು ಹಾಕಿಸಬಾರದು. ರೇಬೀಸ್ ಲಸಿಕೆಯಲ್ಲಿ ವೈರಸ್ ಸತ್ತಿರುವುದರಿಂದ ಆ ಅಪಾಯ ಇಲ್ಲ, ಆದರೆ ಅದಕ್ಕೆ ದೇಹ ಪೂರ್ತಿ ಸ್ಪಂದಿಸದಿರಬಹುದು, ಕಾಯಿಲೆ ಕೆರಳುವ ಭಯವೂ ವೈದ್ಯರಿಗಿರುತ್ತದೆ. ರೇಬೀಸ್ ಇರುವ ನಮ್ಮ ನಾಡಿನಲ್ಲಿ ಅದನ್ನು ಸುಮ್ಮನೆ ಕೈಬಿಡುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಔಷಧಿ ಎಷ್ಟು ಇಳಿದಾಗ ಹಾಕಿಸಬೇಕೆಂಬುದನ್ನು ವೈದ್ಯರೊಂದಿಗೆ ಕೂತು ಗೊತ್ತುಮಾಡಿ, ದಿನಾಂಕವನ್ನು ಬರೆದುಕೊಳ್ಳಿ. ಈ ನಡುವೆ ನಿಮ್ಮ ಪ್ರಾಣಿಗೆ ಬೇರೆ ನಾಯಿ ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅಂದೇ ತೋರಿಸಿ. ತೊಳೆಯುವಾಗ ಕೈಗವಸು ಇರಲಿ.

ಆರನೆಯ ಹೆಜ್ಜೆ: ರಕ್ತ ಪರೀಕ್ಷೆಗೆ ತಕ್ಕಂತೆ ಇಳಿಸುವುದು

ಚಿಕಿತ್ಸೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ. ಅಮೆರಿಕದ ಪಶುವೈದ್ಯ ತಜ್ಞರ ಕಾಲೇಜು 2019ರಲ್ಲಿ ಕೆಂಪು ರಕ್ತಕಣ ಒಡೆಯುವ ಕಾಯಿಲೆಗೆ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿ ಒಂದು ಒಳ್ಳೆಯ ಅಳತೆಗೋಲು. ಅದರ ಪ್ರಕಾರ, ರಕ್ತದಲ್ಲಿ ಕೆಂಪುಕಣಗಳ ಪಾಲು ಶೇ. 30ಕ್ಕಿಂತ ಮೇಲೆ ಎರಡು ವಾರ ಸ್ಥಿರವಾಗಿ ನಿಂತು, ಕಣ ಒಡೆಯುವ ಇತರ ಗುರುತುಗಳೂ ಕಡಿಮೆಯಾದ ಮೇಲೆ ಪ್ರೆಡ್ನಿಸೋಲೋನ್ ಪ್ರಮಾಣವನ್ನು ಕಾಲುಭಾಗ ಇಳಿಸಬಹುದು; ಅನಂತರ ಪ್ರತಿ ಮೂರು ವಾರಕ್ಕೊಮ್ಮೆ, ಪ್ರತಿ ಬಾರಿಯೂ ಪರೀಕ್ಷೆ ಸರಿಯಿದ್ದರೆ, ಮತ್ತೆ ಕಾಲುಭಾಗ. 10 ಕಿಲೋ ತೂಗುವ ನಾಯಿ 20 ಮಿ.ಗ್ರಾಂನಿಂದ ಹೊರಟರೆ ಮೊದಲು 15, ಆಮೇಲೆ 10ರ ಒಂದು ಮಾತ್ರೆ ಮತ್ತು 5ರ ಮಾತ್ರೆಯ ಕಾಲುಭಾಗ, ಅಲ್ಲಿಂದ ಸುಮಾರು 8.5, ಆಮೇಲೆ ಸುಮಾರು 6.25 ಹೀಗೆ ಸಾಗುತ್ತದೆ. ಸ್ಟೆರಾಯ್ಡ್ ಒಟ್ಟು ಮೂರರಿಂದ ಆರು ತಿಂಗಳು ಹಿಡಿಯುವುದು ಇದೇ ಕಾರಣಕ್ಕೆ. ಅಡ್ಡಪರಿಣಾಮ ತೀವ್ರವಾಗಿದ್ದು ಎರಡನೆಯ ಔಷಧಿಯೂ ಇದ್ದರೆ ವೈದ್ಯರು ಇದಕ್ಕಿಂತ ಬೇಗ ಇಳಿಸಬಹುದು.

ನಾಯಿ ಬಾಲ ಅಲ್ಲಾಡಿಸಿ ಓಡಾಡುತ್ತಿದೆ ಎಂಬುದು ಇಳಿಸಲು ಆಧಾರವಲ್ಲ. ಕಣ ಒಡೆಯುವಿಕೆ ಮತ್ತೆ ಆರಂಭವಾದರೂ ನಾಯಿ ಕೆಲವು ದಿನ ಲವಲವಿಕೆಯಿಂದ ಇರಬಲ್ಲದು. ಪ್ರತಿ ಇಳಿಕೆಗೆ ಮೊದಲು ಪರೀಕ್ಷೆ, ಇಳಿಸಿದ ಒಂದೆರಡು ವಾರಕ್ಕೆ ಮತ್ತೊಂದು ಪರೀಕ್ಷೆ ಎಂಬ ಕ್ರಮಕ್ಕೆ ಹಣ ಖರ್ಚಾಗುತ್ತದೆ, ನಿಜ. ಖರ್ಚು ಉಳಿಸಲೇಬೇಕಾದರೆ ವೈದ್ಯರಿಗೆ ನೇರವಾಗಿ ಹೇಳಿ. ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ಅಳೆಯುವ ಪ್ಯಾಕ್ಡ್ ಸೆಲ್ ವಾಲ್ಯೂಮ್ ಎಂಬ ಸಣ್ಣ ಪರೀಕ್ಷೆಯೊಂದಕ್ಕೆ ಒಂದೆರಡು ಹನಿ ರಕ್ತ ಸಾಕು, ವೆಚ್ಚವೂ ಕಡಿಮೆ. ಅಜಾಥಯೋಪ್ರಿನ್ ಕೊಡುವಾಗ ಮೊದಲ ಎರಡು ತಿಂಗಳು ಎರಡು ವಾರಕ್ಕೊಮ್ಮೆ ರಕ್ತಕಣ ಎಣಿಕೆ ಮತ್ತು ಯಕೃತ್ತಿನ ಪರೀಕ್ಷೆ ಬಿಡಬಾರದು. ವರದಿಯಲ್ಲಿ ಎಎಲ್‌ಪಿ ಎಂಬ ಕಿಣ್ವ ಏರಿದ್ದನ್ನು ಕಂಡು ಹೆದರಬೇಡಿ, ನಾಯಿಗಳಲ್ಲಿ ಸ್ಟೆರಾಯ್ಡ್ ಒಂದೇ ಅದನ್ನು ಏರಿಸುತ್ತದೆ. ಯಕೃತ್ತಿನ ಕಿಣ್ವ ಎಎಲ್‌ಟಿ ಮತ್ತು ಹಳದಿ ವರ್ಣಕ ಬಿಲಿರುಬಿನ್ ಏರಿದರೆ ಮಾತ್ರ ತಡಮಾಡದೆ ವೈದ್ಯರ ಗಮನಕ್ಕೆ ತನ್ನಿ. ಬೆಕ್ಕಿನಲ್ಲಿ ಸ್ಟೆರಾಯ್ಡ್‌ನಿಂದ ಮಧುಮೇಹ ಬರುವುದುಂಟು. ಬಾಯಾರಿಕೆ ಹೆಚ್ಚಿ ತೂಕ ಇಳಿಯುತ್ತಿದ್ದರೆ ಸಕ್ಕರೆ ನೋಡಿಸಿ.

ಕಾಯದೆ ಹೊರಡಬೇಕಾದ ಸಂದರ್ಭಗಳು

ಒಸಡು ಬಿಳಿಚುವುದು ಅಥವಾ ಹಳದಿಯಾಗುವುದು, ಮೂತ್ರ ಕೆಂಪು ಇಲ್ಲವೇ ಕಂದಾಗುವುದು, ಡಾಂಬರಿನಂತೆ ಕಪ್ಪು ಮಲ, ರಕ್ತ ವಾಂತಿ, ಕುಸಿದು ಬೀಳುವುದು ಇವುಗಳಲ್ಲಿ ಯಾವುದೇ ಕಂಡರೂ ರಾತ್ರಿಯಾದರೂ ಹೊರಡಿ. ರಕ್ತಕಣ ಒಡೆಯುವ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶದ ನಾಳ ಮುಚ್ಚುವುದು ಸಾವಿಗೆ ದೊಡ್ಡ ಕಾರಣ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಬರೆಯುವುದು ಅದಕ್ಕೇ. ಆದ್ದರಿಂದ ಹಠಾತ್ತನೆ ಉಸಿರು ಕಟ್ಟಿದರೆ ಒಂದು ಗಂಟೆಯೂ ಕಾಯಬಾರದು. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದೂ ಹಾಗೆಯೇ, ಮತ್ತು ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿಗೆ ಕೊಬ್ಬು ತುಂಬುವ ಅಪಾಯವಿದೆ. ಹೊಸ ವೈದ್ಯರ ಬಳಿ ಹೋಗಬೇಕಾಗಿ ಬಂದರೆ ನೋಟ್‌ಬುಕ್ಕನ್ನೂ ಮಾತ್ರೆಯ ಸ್ಟ್ರಿಪ್‌ಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅರಿವಳಿಕೆ ಕೊಡುವವರಿಗೆ ಸ್ಟೆರಾಯ್ಡ್ ನಡೆಯುತ್ತಿದೆ ಎಂಬುದು ಗೊತ್ತಿರಲೇಬೇಕು.

ನಿಲ್ಲಿಸಿದ ಮೇಲೆ

ಪ್ರೆಡ್ನಿಸೋಲೋನ್ ನಿಂತ ಮೇಲೂ ಎರಡನೆಯ ಔಷಧಿ ಸಾಮಾನ್ಯವಾಗಿ ಇನ್ನೂ ಕೆಲವು ವಾರ ನಡೆಯುತ್ತದೆ. ಪೆಂಫಿಗಸ್‌ನಂಥ ಕೆಲವು ಕಾಯಿಲೆಗಳಲ್ಲಿ ಪೂರ್ತಿ ನಿಲ್ಲಿಸುವುದು ಎಲ್ಲ ಪ್ರಾಣಿಗಳಿಗೂ ಸಾಧ್ಯವಾಗುವುದಿಲ್ಲ. ರೋಗವನ್ನು ಹಿಡಿದಿಡುವ ಅತಿ ಕಡಿಮೆ ಪ್ರಮಾಣದಲ್ಲಿ, ಹಲವು ಸಲ ದಿನ ಬಿಟ್ಟು ದಿನ ಒಂದು ಮಾತ್ರೆಯಲ್ಲಿ, ವರ್ಷಗಟ್ಟಲೆ ನೆಮ್ಮದಿಯಾಗಿ ಬದುಕುವ ನಾಯಿಗಳಿವೆ. ಔಷಧಿ ಪೂರ್ತಿ ನಿಂತ ಪ್ರಾಣಿಗೆ ಮೊದಲ ಕೆಲವು ತಿಂಗಳು ವೈದ್ಯರು ಹೇಳಿದ ದಿನಗಳಲ್ಲಿ ರಕ್ತ ಪರೀಕ್ಷೆ ಮುಂದುವರಿಯಬೇಕು. ಮರುಕಳಿಸಿದಂತೆ ಕಂಡರೆ ಮನೆಯಲ್ಲಿ ಉಳಿದ ಮಾತ್ರೆಯಿಂದ ನೀವೇ ಆರಂಭಿಸಬೇಡಿ. ಹೊಸ ಉಣ್ಣೆ ರೋಗವೊಂದು ಹಳೆಯ ಕಾಯಿಲೆಯ ರೂಪದಲ್ಲಿ ಬಂದಿರಬಹುದು, ಆದ್ದರಿಂದ ಮತ್ತೆ ಮೊದಲ ಹೆಜ್ಜೆಯ ಪರೀಕ್ಷೆಗಳಿಂದಲೇ ಹೊರಡಬೇಕು. ಉಳಿದ ಅಜಾಥಯೋಪ್ರಿನ್, ಮೈಕೋಫಿನೊಲೇಟ್, ಕ್ಲೋರಾಂಬುಸಿಲ್ ಮಾತ್ರೆಗಳನ್ನು ಕಸದ ಬುಟ್ಟಿಗೋ ಚರಂಡಿಗೋ ಎಸೆಯದೆ, ಜೈವಿಕ ವೈದ್ಯಕೀಯ ತ್ಯಾಜ್ಯ ಬೇರ್ಪಡಿಸುವ ಚಿಕಿತ್ಸಾಲಯಕ್ಕೆ ಹಿಂದಿರುಗಿಸಿ, ಮತ್ತು ನೆರೆಮನೆಯ ನಾಯಿಗೆ ಅದೇ ಕಾಯಿಲೆಯಂತೆ ಕಂಡರೂ ಅವನ್ನು ಕೊಟ್ಟುಬಿಡಬೇಡಿ.